ಗುಡ್ಡದ ಬುಡದಲ್ಲಿ ಮನೋವಿಜ್ಞಾನ

ದೇಶದ ಯಾವುದೋ ಊರಿನ ಆಸ್ಪತ್ರೆಯಲ್ಲಿ ಮಗುವೊಂದರ ಬುದ್ಧಿಮತ್ತೆ ಅಳೆಯಬೇಕಾದಾಗ ಮನೋವಿಜ್ಞಾನಿ ಮೇಜಿನ ಮೇಲೆ ತೆರೆದಿಡುವ ಪೆಟ್ಟಿಗೆ ಬಹಳ ಸಲ ಬಿನೆ–ಕಾಮತ್ ಪರೀಕ್ಷೆಯದ್ದಾಗಿರುತ್ತದೆ. ಬಿನೆ ಯಾರೆಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ: 1905ರಲ್ಲಿ ಪ್ಯಾರಿಸ್ಸಿನ ಶಾಲಾ ಮಕ್ಕಳಿಗಾಗಿ ಬುದ್ಧಿ ಪರೀಕ್ಷೆ ಸಿದ್ಧಪಡಿಸಿದ ಫ್ರೆಂಚ್ ವಿದ್ವಾಂಸ. ಕಾಮತ್ ಯಾರೆಂದು ಕೇಳಿದರೆ ಮನೋವಿಜ್ಞಾನ ಓದಿದವರೇ ತಡವರಿಸುತ್ತಾರೆ. ವಿ.ವಿ. ಕಾಮತ್ 1930ರ ದಶಕದಲ್ಲಿ ಆ ಪರೀಕ್ಷೆಯನ್ನು ಕನ್ನಡಕ್ಕೂ ಮರಾಠಿಗೂ ಒಗ್ಗಿಸಿದರು. ಒಗ್ಗಿಸುವಾಗ ಅವರು ಎದುರಿಗೆ ಕೂರಿಸಿಕೊಂಡದ್ದು ಧಾರವಾಡ ಸೀಮೆಯ ಮಕ್ಕಳನ್ನು. ಅದಕ್ಕೆ ‘ಮುಂಬೈ ಕರ್ನಾಟಕ ಪರಿಷ್ಕರಣೆ’ ಎಂಬ ಹೆಸರೂ ಇತ್ತು. ಭಾರತೀಯ ಮಕ್ಕಳ ಬುದ್ಧಿ ಅಳೆಯುವ ಬಗ್ಗೆ ಅವರು ಬರೆದ ಇಂಗ್ಲಿಷ್ ಪುಸ್ತಕವನ್ನು 1940ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿತು. ಅಂದರೆ ನಮ್ಮ ಅಜ್ಜ–ಅಜ್ಜಿಯರ ವಾರಿಗೆಯ, ಇದೇ ಕಡೆಯ ಹುಡುಗ–ಹುಡುಗಿಯರು ಕೊಟ್ಟ ಉತ್ತರಗಳು ಒಂದು ದೇಶದ ಅಳತೆಗೋಲಾದವು.

ಆ ಅಳತೆಗೋಲು ಈಗ ಹಳತಾಗಿದೆ ಎಂಬುದೂ ನಿಜ. ತಲೆಮಾರಿನಿಂದ ತಲೆಮಾರಿಗೆ ಬುದ್ಧಿ ಪರೀಕ್ಷೆಯ ಅಂಕಗಳು ಏರುತ್ತ ಬಂದಿರುವುದು ಹಲವು ದೇಶಗಳಲ್ಲಿ ಕಂಡಿದೆ. ಹಾಗಾಗಿ ತೊಂಬತ್ತು ವರ್ಷದ ಹಿಂದಿನ ಮಕ್ಕಳ ಸರಾಸರಿಯ ಪಕ್ಕ ಇಂದಿನ ಮಗುವನ್ನು ನಿಲ್ಲಿಸಿದರೆ ಲೆಕ್ಕ ತಪ್ಪಬಹುದು. ಹೊಸ ಮಾನ ಕಟ್ಟಲು ಜನ ಬೇಕು. ಕನ್ನಡ ಬಲ್ಲ, ಹಳ್ಳಿಯ ಮಗುವನ್ನು ಹೆದರಿಸದೆ ಮಾತಾಡಿಸಬಲ್ಲ, ಸಂಖ್ಯಾಶಾಸ್ತ್ರಕ್ಕೆ ಅಂಜದ ಜನ. ಅಂಥವರು ತಯಾರಾಗಬೇಕಾದದ್ದು ಬಿ.ಎ. ತರಗತಿಯಲ್ಲಿ.

ನಮ್ಮ ಕಡೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳನ್ನೇ ತೆಗೆದುಕೊಳ್ಳಿ. ಇಲ್ಲಿ ಪಿಯುಸಿ ಮುಗಿಸಿದ ಹುಡುಗಿ ‘ಸೈಕಾಲಜಿ ತಗೋತೀನಿ’ ಎಂದರೆ ಮನೆಯಲ್ಲಿ ಮೊದಲು ಬರುವ ಪ್ರಶ್ನೆ ಕಾಕಾನದು: “ಅದೇನ ಹುಚ್ಚರ ಶಾಸ್ತ್ರ ಏನವಾ ತಂಗಿ? ಅದನ್ನ ಓದಿದ್ರ ನೌಕರಿ ಏನ ಸಿಗತೈತಿ?” ಎರಡನೆಯದು ಓಣಿಯವರದು: “ಹಂಗಾರ ನನ್ನ ಮನಸಿನ್ಯಾಗ ಈಗ ಏನೈತಿ ಹೇಳ ನೋಡೂಣು.” ಮೊದಲ ಪ್ರಶ್ನೆಗೆ ಮುಂದೆ ಬರುತ್ತೇನೆ. ಎರಡನೆಯದಕ್ಕೆ ಉತ್ತರ ಸರಳ. ಮನಸ್ಸು ಓದುವ ವಿದ್ಯೆಯನ್ನು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ.

ತಾಲೂಕು ಕಾಲೇಜುಗಳ ಕಲಾ ವಿಭಾಗ ಎಂದರೆ ಹೆಚ್ಚಿನ ಕಡೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಇವುಗಳದೇ ಕಾಂಬಿನೇಷನ್. ಮನೋವಿಜ್ಞಾನ ಬೇಕೆಂದವರು ಬೆಳಗಾವಿಗೋ ಧಾರವಾಡಕ್ಕೋ ಮುಖ ಮಾಡುತ್ತಾರೆ. ಕಿತ್ತೂರಿನಿಂದ ಧಾರವಾಡ ಹೆದ್ದಾರಿಯಲ್ಲಿ ಮೂವತ್ತು ಕಿಲೋಮೀಟರ್ ಚಿಲ್ಲರೆ, ಸವದತ್ತಿಯಿಂದ ನಲವತ್ತರ ಆಜುಬಾಜು. ರಾಮದುರ್ಗದವರಿಗೆ ದಿನಾ ಹೋಗಿಬರುವ ಮಾತಿಲ್ಲ, ಹಾಸ್ಟೆಲ್ಲೇ ಗತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಬಸ್ ಚಾರ್ಜು ಉಳಿದಿದೆ. ಕಿತ್ತೂರು, ಬೈಲಹೊಂಗಲ ಕಡೆಯ ಹುಡುಗಿಯೊಬ್ಬಳು ಮನೆಯಲ್ಲಿದ್ದುಕೊಂಡೇ ಧಾರವಾಡದಲ್ಲಿ ಓದುವೆನೆನ್ನಲು ಆ ಉಳಿತಾಯ ಧೈರ್ಯ ಕೊಟ್ಟಿದೆ ಎಂದೇ ನನ್ನ ಎಣಿಕೆ. ಸರ್ಕಾರಿ ಯೋಜನೆಯೊಂದು ಹುಡುಗಿ ಆರಿಸಿಕೊಳ್ಳುವ ವಿಷಯವನ್ನೂ ಬದಲಿಸಬಲ್ಲದು. ಈ ಲೆಕ್ಕವನ್ನು ಯಾರಾದರೂ ಕೂತು ಮಾಡಬೇಕು.

ಧಾರವಾಡದಲ್ಲಿ 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವಿದೆ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿಭಾಗವಿದೆ. 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಬಿಟ್ಟ ಮೇಲೆ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಈ ಹೋಗಿ–ಬರುವಿಕೆಯಲ್ಲಿ ಒಂದೇ ಕಾಲೇಜಿನ ಅಕ್ಕ–ತಂಗಿ ಎರಡು ಬೇರೆ ಬೇರೆ ಸಿಲೆಬಸ್ ಓದಿದ ಮನೆಗಳಿವೆ.

ಮೊದಲ ವರ್ಷ ಬಹಳ ಮಂದಿಗೆ ನಿರಾಸೆ. ಕನಸು, ಫ್ರಾಯ್ಡ್, ಕೊಲೆಗಾರರ ಮನಸ್ಸು ಇವನ್ನೆಲ್ಲ ನಿರೀಕ್ಷಿಸಿ ಬಂದವರಿಗೆ ನರಕೋಶದ ಚಿತ್ರ ಬಿಡಿಸು, 1879ರಲ್ಲಿ ಲೈಪ್‌ಜಿಗ್‌ನಲ್ಲಿ ವುಂಟ್ ಪ್ರಯೋಗಾಲಯ ತೆರೆದದ್ದನ್ನು ಬಾಯಿಪಾಠ ಮಾಡು ಎನ್ನುತ್ತಾರೆ. ಅದರ ಬೆನ್ನಿಗೇ ಸಂಖ್ಯಾಶಾಸ್ತ್ರ. ಗಣಿತ ತಪ್ಪಿಸಿಕೊಳ್ಳಲೆಂದೇ ಆರ್ಟ್ಸ್ ಸೇರಿದವರ ಎದುರು ಮಾನಕ ವಿಚಲನೆ, ಸಹಸಂಬಂಧ ಬಂದು ನಿಲ್ಲುತ್ತವೆ. ಬಿಡುವವರು ಇಲ್ಲಿಯೇ ಬಿಡುತ್ತಾರೆ. ಉಳಿದವರಿಗೆ ಪ್ರಾಕ್ಟಿಕಲ್‌ನ ರುಚಿ ಹತ್ತುತ್ತದೆ.

ಇತಿಹಾಸ, ರಾಜ್ಯಶಾಸ್ತ್ರದವರಿಗೆ ಇಲ್ಲದ ಭಾಗ್ಯ ಇದು. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವುದು, ಕಣ್ಣಿಗೆ ಬಟ್ಟೆ ಕಟ್ಟಿ ಚಕ್ರವ್ಯೂಹದ ದಾರಿ ಹುಡುಕುವುದು, ಕ್ಷಣಮಾತ್ರ ತೋರಿಸಿದ ಅಕ್ಷರಗಳಲ್ಲಿ ಎಷ್ಟು ನೆನಪಿದೆಯೆಂದು ಬರೆಯುವುದು. ಎಲ್ಲವನ್ನೂ ಜರ್ನಲ್‌ನಲ್ಲಿ ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ ಎಂದು ಅಚ್ಚುಕಟ್ಟಾಗಿ ದಾಖಲಿಸಿ ಸಹಿ ಹಾಕಿಸಬೇಕು. ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ನೆನಪಿನ ಪ್ರಯೋಗ ಇಂದಿಗೂ ಇದೆ. ಅರ್ಥವಿಲ್ಲದ ಪದಗಳ ಪಟ್ಟಿ ಕೊಟ್ಟು ಎಷ್ಟು ಸಲ ಓದಿದರೆ ನೆನಪಿನಲ್ಲಿ ನಿಲ್ಲುತ್ತದೆ ಎಂದು ನೋಡುವುದು. ಆದರೆ ಇಂಗ್ಲಿಷಿನ ಮೂರಕ್ಷರದ ಅರ್ಥಹೀನ ಪದಗಳನ್ನು ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯ ಕೈಗೆ ಕೊಟ್ಟರೆ ಅವಳ ನೆನಪಿನ ಜೊತೆಗೆ ಇಂಗ್ಲಿಷಿನ ಅಂಜಿಕೆಯೂ ಅಳತೆಗೆ ಬೀಳುತ್ತದೆ. ಒಳ್ಳೆಯ ಮೇಷ್ಟ್ರು ಪಟ್ಟಿಯನ್ನು ಕನ್ನಡದಲ್ಲೇ ಹೊಸದಾಗಿ ಕಟ್ಟಿಕೊಡುತ್ತಾರೆ.

ಬಾಣದ ತುದಿಗಳಿರುವ ಎರಡು ಗೆರೆಗಳಲ್ಲಿ ಯಾವುದು ಉದ್ದ ಎಂದು ಕೇಳುವ ಮ್ಯುಲ್ಲರ್–ಲೈಯರ್ ಭ್ರಮೆಯ ಪ್ರಯೋಗ ಇನ್ನೊಂದು. ಗೆರೆಗಳೆರಡೂ ಸಮ, ಕಣ್ಣು ಮೋಸ ಹೋಗುತ್ತದೆ. ಎಲ್ಲರೂ ಒಂದೇ ಪ್ರಮಾಣದಲ್ಲಿ ಮೋಸ ಹೋಗುತ್ತಾರೆಯೇ? ಡಬ್ಲ್ಯು.ಎಚ್.ಆರ್. ರಿವರ್ಸ್ ಎಂಬ ಇಂಗ್ಲಿಷ್ ವಿದ್ವಾಂಸ ನಮ್ಮ ಪಕ್ಕದ ನೀಲಗಿರಿಯ ತೋಡರಲ್ಲಿ ಈ ಪ್ರಯೋಗ ಮಾಡಿ 1905ರಲ್ಲಿ ವರದಿ ಪ್ರಕಟಿಸಿದ. ತೋಡರು ಅವನ ದೇಶದವರಷ್ಟು ಮೋಸ ಹೋಗಿರಲಿಲ್ಲ. 1966ರಲ್ಲಿ ಅಮೆರಿಕದ ಮೂವರು ಸಂಶೋಧಕರು ಹಲವು ಸಮಾಜಗಳಲ್ಲಿ ಇದನ್ನೇ ನೋಡಿ, ಮೂಲೆಗೋಡೆಗಳ ಮನೆಯಲ್ಲಿ ಬೆಳೆದವರ ಕಣ್ಣು ಹೆಚ್ಚು ಮೋಸ ಹೋಗುತ್ತದೆ ಎಂಬ ವಿವರಣೆ ಕೊಟ್ಟರು. ವಿವರಣೆಯ ಬಗ್ಗೆ ಇನ್ನೂ ವಾದವಿದೆ. ಆದರೆ ಪಠ್ಯದಲ್ಲಿ ‘ಮನುಷ್ಯರು ಹೀಗೆ’ ಎಂದಿರುವ ಕಡೆಯೆಲ್ಲ ‘ಯಾವ ಊರಿನ ಮನುಷ್ಯರು?’ ಎಂದು ಕೇಳಬೇಕೆಂಬ ಪಾಠ ಇಲ್ಲಿದೆ. ಮನೋವಿಜ್ಞಾನದ ಬಹುಪಾಲು ಸಿದ್ಧಾಂತಗಳು ಅಮೆರಿಕ, ಯುರೋಪಿನ ಕಾಲೇಜು ಹುಡುಗರ ಮೇಲೆ ನಡೆದ ಪ್ರಯೋಗಗಳಿಂದ ಬಂದವು ಎಂದು 2010ರಲ್ಲಿ ಆ ಕಡೆಯ ವಿದ್ವಾಂಸರೇ ದೊಡ್ಡ ತಕರಾರು ಎತ್ತಿದರು. ನಮ್ಮ ವಿದ್ಯಾರ್ಥಿನಿ ಮನೆಗೆ ಬಂದು ಹೊಲದಿಂದ ಬಂದ ಆಯಿಯ ಮುಂದೆ ಆ ಗೆರೆಗಳ ಕಾರ್ಡು ಹಿಡಿದರೆ ಅವಳ ಜರ್ನಲ್ಲಿಗೆ ಬೇರೆಯದೇ ತೂಕ ಬಂದೀತು.

ಪ್ರಯೋಗಾಲಯದ ಮಾತು ಬಂದಾಗ ಸವದತ್ತಿಯನ್ನು ಬಿಟ್ಟು ಹೋಗಲಾಗದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಚಕ್ಕಡಿ, ಟ್ರ್ಯಾಕ್ಟರು, ಚೌಡಿಕೆ, ಭಂಡಾರ, ಉಧೋ ಉಧೋ. ಹೊಸ್ತಿಲ ಹುಣ್ಣಿಮೆಗೆ ದೇವಿಗೆ ವೈಧವ್ಯ, ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆತನ. ಈ ಎರಡರ ನಡುವೆ ಒಂದು ಸೀಮೆಯೇ ದುಃಖಪಟ್ಟು ದುಃಖದಿಂದ ಹೊರಬರುವ ಅಭ್ಯಾಸ ಮಾಡುತ್ತದೆ. ಶೋಕದ ಬಗ್ಗೆ ಓದುವ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಎಲ್ಲಿ ಸಿಕ್ಕೀತು?

ಗುಡ್ಡದಲ್ಲಿ ಮೈಮೇಲೆ ದೇವಿ ಬಂದ ಹೆಂಗಸನ್ನು ನೋಡಿ ಬೆಳೆದ ಹುಡುಗಿಗೆ ತರಗತಿಯಲ್ಲಿ ಒಂದು ಇಕ್ಕಟ್ಟು. ಅದು ಭಕ್ತಿಯೋ, ಕಾಯಿಲೆಯೋ? ಅರೆಬರೆ ಓದಿದವರು ತಟ್ಟನೆ ‘ಹಿಸ್ಟೀರಿಯಾ’ ಎಂದುಬಿಡುತ್ತಾರೆ. ಪೂರ್ತಿ ಓದಿದವರು ಹಾಗೆನ್ನಲಾರರು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ ಮೈಮೇಲೆ ಬರುವ ಸ್ಥಿತಿಗೆ ಪ್ರತ್ಯೇಕ ಹೆಸರಿದೆ, ಷರತ್ತೂ ಇದೆ. ಅದು ಆ ವ್ಯಕ್ತಿಗೆ ಬೇಡವಾಗಿದ್ದು, ಕೈಮೀರಿ ಬರುವಂಥದ್ದಾಗಿದ್ದು, ಬಾಳಿಗೆ ತೊಂದರೆ ಕೊಡುತ್ತಿದ್ದರೆ ಮಾತ್ರ ಕಾಯಿಲೆ. ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿ ಬಂದರೆ ಕಾಯಿಲೆ ಎನ್ನುವ ಹಾಗಿಲ್ಲ. ಜಾತ್ರೆಯ ದಿನ ಚೌಡಿಕೆಯ ಸದ್ದಿಗೆ ಮೈದುಂಬಿ, ಮರುದಿನ ಎಂದಿನಂತೆ ರೊಟ್ಟಿ ಬಡಿಯುವವಳು ರೋಗಿಯಲ್ಲ. ವಾರಕ್ಕೆ ಮೂರು ಸಲ, ಅತ್ತೆಯ ಮನೆಯ ಹಿತ್ತಲಲ್ಲಿ, ಬೇಡ ಬೇಡವೆಂದರೂ ಬಂದು ಬಿದ್ದು ಮೈಕೈ ಗಾಯ ಮಾಡಿಕೊಳ್ಳುವವಳ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಮೆಲ್ಲಗೆ ಕೇಳಬೇಕು. ಈ ಎರಡರ ನಡುವಿನ ಅಂತರ ಗುರುತಿಸಲು ಪುಸ್ತಕವೂ ಬೇಕು, ಗುಡ್ಡದ ಪರಿಚಯವೂ ಬೇಕು. ಬೆಂಗಳೂರಿನ ವಿದ್ಯಾರ್ಥಿಗೆ ಎರಡನೆಯದು ಇರುವುದಿಲ್ಲ.

ಗುಡ್ಡವನ್ನು ಹೊಗಳಿ ಸುಮ್ಮನಾಗುವುದೂ ತಪ್ಪು. ಕೂದಲು ಜಡೆಗಟ್ಟಿದರೆ ದೇವಿಯ ಕರೆ ಬಂತೆಂದು ಹೆಣ್ಣುಮಗುವಿನ ಕೊರಳಿಗೆ ಮುತ್ತು ಕಟ್ಟಿಸಿದ ಇತಿಹಾಸ ಇದೇ ನೆಲದ್ದು. ದೇವದಾಸಿ ನಿಷೇಧಕ್ಕೆ 1982ರಲ್ಲಿ ಕಾಯಿದೆಯೇ ಬೇಕಾಯಿತು. ತಲೆ ಬಾಚದೆ, ಎಣ್ಣೆ ಹಚ್ಚದೆ ಬಿಟ್ಟ ಕೂದಲು ಜಡೆಗಟ್ಟುತ್ತದೆ ಎಂದು ಹೇಳಿದರೆ ಸಾಲದು. ಆ ಜಡೆಗೆ ಕತ್ತರಿ ಹಾಕಿದರೆ ಮನೆಗೆ ಕೇಡು ಎಂಬ ಭಯದಲ್ಲಿ ನಡುಗುವ ತಾಯಿಯನ್ನು ಹೇಗೆ ಒಪ್ಪಿಸುವುದು? ನಂಬಿಕೆ ಹೇಗೆ ಹುಟ್ಟುತ್ತದೆ, ಹೇಗೆ ಬದಲಾಗುತ್ತದೆ ಎಂಬುದು ಸಾಮಾಜಿಕ ಮನೋವಿಜ್ಞಾನದ ಒಂದು ಇಡೀ ಅಧ್ಯಾಯ. ಅದನ್ನು ಪರೀಕ್ಷೆಗೆಂದು ಓದುವುದೇ ಬೇರೆ, ಈ ತಾಯಿಗೆಂದು ಓದುವುದೇ ಬೇರೆ.

ಗಂಡಾಗಿ ಹುಟ್ಟಿ, ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣಾಗಿ ಬಾಳುವ ಜೋಗಪ್ಪಗಳ ವಿಷಯವೂ ಹೀಗೆಯೇ. ತನ್ನ ಲಿಂಗದ ಬಗ್ಗೆ ಮೈ ಒಂದು ಹೇಳಿ ಮನಸ್ಸು ಇನ್ನೊಂದು ಹೇಳುವ ಸ್ಥಿತಿಯನ್ನು ಅದೇ ಹನ್ನೊಂದನೆಯ ಆವೃತ್ತಿ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತಂದಿತು. ಗುಡ್ಡದಲ್ಲಿ ಅವರಿಗೆ ಸೀರೆ ಉಟ್ಟು ಜಗ ಹೊರುವ ಜಾಗ ಬಹಳ ಹಿಂದಿನಿಂದಲೂ ಇತ್ತು. ಭಿಕ್ಷೆ ಮತ್ತು ಬಡತನ ಜೊತೆಗಿದ್ದವು ಎಂಬುದನ್ನು ಮರೆಯಬಾರದು, ಆದರೂ ಜಾಗವಂತೂ ಇತ್ತು.

ದೇವಸ್ಥಾನಕ್ಕೆ ಮನೋರೋಗಿಗಳನ್ನು ಕರೆದೊಯ್ಯುವುದರ ಬಗ್ಗೆ ನಿಮ್ಹಾನ್ಸ್‌ನ ತಂಡವೊಂದು ತಮಿಳುನಾಡಿನ ಒಂದು ಗುಡಿಯಲ್ಲಿ ಅಧ್ಯಯನ ಮಾಡಿತ್ತು. 2002ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಗುಡಿಯಲ್ಲಿ ಉಳಿದ 31 ಜನರ ಲಕ್ಷಣಗಳು ಸುಮಾರು ಶೇ 20ರಷ್ಟು ತಗ್ಗಿದ್ದವು. ಅಲ್ಲಿ ಔಷಧ ಇರಲಿಲ್ಲ, ಹೊಡೆತ ಬಡಿತ ಇರಲಿಲ್ಲ. ಗುಡಿಯ ಕೆಲಸ, ಊಟ, ಜೊತೆಗೊಬ್ಬ ಮನೆಯವರು, ಇಷ್ಟೇ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ದರ್ಗಾದ ಬಳಿಯ ಶೆಡ್ಡಿಗೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿದ್ದ 28 ಮಂದಿ ಓಡಲಾರದೆ ಸತ್ತರು. ಎರಡನ್ನೂ ಪಕ್ಕಪಕ್ಕ ಇಟ್ಟು ಪಾಠ ಮಾಡಬೇಕು. ದೇವರ ಹೆಸರಿನಲ್ಲಿ ಸಿಕ್ಕ ಆಸರೆ ಒಂದು, ದೇವರ ಹೆಸರಿನಲ್ಲಿ ಬಿದ್ದ ಸರಪಳಿ ಇನ್ನೊಂದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಯಾವ ರೂಪದ ಸರಪಳಿಯನ್ನೂ ನಿಷೇಧಿಸಿದೆ. ಹಳ್ಳಿಯ ಹಿತ್ತಲಿನ ಕಂಬಕ್ಕೆ ಕಟ್ಟಿಹಾಕಿರುವ ತಮ್ಮನನ್ನು ಕಂಡರೆ ಮನೋವಿಜ್ಞಾನ ಓದಿದವಳು ಹೇಳಬೇಕಾದ ಮೊದಲ ಮಾತು ಅದು.

ಇನ್ನು ಧಾರವಾಡದ ಆಸ್ಪತ್ರೆ. 1845ರಲ್ಲಿ, ಮುಂಬೈ ಸರ್ಕಾರದ ಕಾಲದಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದದ್ದು. ಈ ಕಡೆಯ ಊರುಗಳಲ್ಲಿ “ಇವನ್ನ ಧಾರವಾಡಕ್ಕ ಕಳಸಬೇಕ್ ನೋಡ” ಎಂದರೆ ಕಾಲೇಜಿಗೆ ಎಂದು ಯಾರೂ ತಿಳಿಯುವುದಿಲ್ಲ. ನಾಡಿಗೆ ಕವಿಗಳನ್ನೂ ಗಾಯಕರನ್ನೂ ಕೊಟ್ಟ ಊರಿಗೆ ಆ ಒಂದು ಕಾಂಪೌಂಡಿನಿಂದ ಬಂದ ಅಡ್ಡಹೆಸರು ಇದು. 2009ರಲ್ಲಿ ಆಸ್ಪತ್ರೆ ಡಿಮ್ಹಾನ್ಸ್ ಆಗಿ, ಬೆಂಗಳೂರಿನ ನಿಮ್ಹಾನ್ಸ್ ಮಾದರಿಯ ಬೋಧನಾ ಸಂಸ್ಥೆಯಾಯಿತು. ಹೆಸರು ಬದಲಾದರೂ ಬೈಗುಳ ಬದಲಾಗಿಲ್ಲ. ನಿದ್ದೆ ಬಾರದೆ, ಎದೆ ಭಾರವಾಗಿ, ಊಟ ಸೇರದೆ ತಿಂಗಳುಗಟ್ಟಲೆ ನರಳಿದವರು ಮೊದಲು ಹೋಗುವುದು ಎದೆಯ ಡಾಕ್ಟರಲ್ಲಿಗೆ, ಆಮೇಲೆ ಹೊಟ್ಟೆಯ ಡಾಕ್ಟರಲ್ಲಿಗೆ, ನಡುನಡುವೆ ತಾಯತಕ್ಕೆ. ಧಾರವಾಡದ ಹಾದಿ ಹಿಡಿಯುವ ಹೊತ್ತಿಗೆ ಮನೆಯ ಎಮ್ಮೆ ಮಾರಿಹೋಗಿರುತ್ತದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ ಎಂದಿತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸಮೀಕ್ಷೆ ನಡೆಸಿದ್ದು ನಿಮ್ಹಾನ್ಸ್, ಆದರೆ ಸಮೀಕ್ಷೆಯಾದ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೇ ಇರಲಿಲ್ಲ! 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಸೀಮೆ ಮುಳುಗಿದಾಗಲೂ ಮನಸ್ಸಿನ ನೋವು ಹೀಗೆಯೇ ಲೆಕ್ಕದಿಂದ ಹೊರಗುಳಿಯಿತು. ನೆರೆಹಾನಿಯ ಅರ್ಜಿಯಲ್ಲಿ ಬಿದ್ದ ಗೋಡೆಗೆ ಕಾಲಂ ಇರುತ್ತದೆ, ಮಳೆ ಹನಿದರೆ ಇಂದಿಗೂ ಬೆಚ್ಚಿ ಏಳುವವರಿಗೆ ಕಾಲಂ ಇರುವುದಿಲ್ಲ.

ಕನ್ನಡದಲ್ಲಿ ಈ ಶಾಸ್ತ್ರ ಹೇಳಲು ಬರುವುದಿಲ್ಲ ಎಂಬ ಮಾತನ್ನು ಮಾತ್ರ ಯಾರೂ ಆಡಬೇಡಿ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಷ್ಟು ಹಿಂದೆಯೇ ಮನೋವಿಜ್ಞಾನ ವಿಭಾಗ ತೆರೆದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್‌ ಬಳಿ ಕಲಿತು ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ನಡೆಸಿದವರೂ ಅವರೇ. ಆ ಕೇಂದ್ರದ ಆಕಾಶವಾಣಿ ಎಂಬ ಹೆಸರನ್ನು ಮುಂದೆ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು. ಮನಸ್ಸಿನ ಶಾಸ್ತ್ರ ಕಲಿತವರು ಜನರ ಕಿವಿಗೆ ತಲುಪುವ ದಾರಿ ಹುಡುಕಿದ್ದು ಆಕಸ್ಮಿಕವಲ್ಲ ಎಂದು ನನಗೆ ಅನ್ನಿಸುತ್ತದೆ. ‘ಕೊರವಂಜಿ’ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನೋವೈದ್ಯಕೀಯದ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಚಿಕ್ಕಚಿಕ್ಕ ಕನ್ನಡ ಪುಸ್ತಕಗಳು ಬಸ್‌ಸ್ಟ್ಯಾಂಡಿನ ಅಂಗಡಿಗೂ ಬಂದವು. ಇಷ್ಟಿದ್ದೂ ಬಿ.ಎ. ವಿದ್ಯಾರ್ಥಿಯ ಕೈಯಲ್ಲಿರುವುದು ದಪ್ಪನೆಯ ಇಂಗ್ಲಿಷ್ ಪುಸ್ತಕ, ಇಲ್ಲವೇ ಪರೀಕ್ಷೆಯ ಹಿಂದಿನ ವಾರ ಝೆರಾಕ್ಸ್ ಮಾಡಿಸಿದ ನೋಟ್ಸು. ಆ ನೋಟ್ಸಿನ ಕನ್ನಡವಂತೂ ಸಂಸ್ಕೃತದ ಗಟ್ಟಿ ಮುದ್ದೆ. ಹೇಳುವ ಮೇಷ್ಟ್ರೂ ಅದನ್ನು ನುಂಗಲಾರರು.

ಈಗ ಕಾಕಾನ ಪ್ರಶ್ನೆ. ನೌಕರಿ. ಇಲ್ಲಿ ಸುಳ್ಳು ಹೇಳಬಾರದು. ಬಿ.ಎ. ಮನೋವಿಜ್ಞಾನ ಮುಗಿಸಿದವರು ಮನೋವೈದ್ಯರಲ್ಲ, ಚಿಕಿತ್ಸಾ ಮನೋವಿಜ್ಞಾನಿಗಳೂ ಅಲ್ಲ. ಮನೋವೈದ್ಯರಾಗಲು ಎಂಬಿಬಿಎಸ್ ಬೇಕು. ಚಿಕಿತ್ಸಾ ಮನೋವಿಜ್ಞಾನಿ ಎಂದು ಬೋರ್ಡು ಹಾಕಲು ಎಂ.ಎ. ನಂತರ ಎರಡು ವರ್ಷದ ಎಂ.ಫಿಲ್‌ನಂಥ ತರಬೇತಿ ಮುಗಿಸಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಬೇಕೆಂಬುದು ಇಷ್ಟು ದಿನದ ನಿಯಮ. ಎಂ.ಫಿಲ್ ಮುಚ್ಚುತ್ತಿರುವುದರಿಂದ ಆ ದಾರಿಯೂ ಬದಲಾಗುತ್ತಿದೆ, ಸೇರುವ ವರ್ಷದ ನಿಯಮವನ್ನೇ ನೋಡಬೇಕು. ಮೂರು ವರ್ಷ ಓದಿ ‘ಕೌನ್ಸೆಲಿಂಗ್ ಸೆಂಟರ್’ ತೆರೆಯುವವರನ್ನು ಕಂಡರೆ ದೂರವಿರುವುದು ಲೇಸು.

ಶಾಲೆಯಲ್ಲಿ ಮನೋವಿಜ್ಞಾನ ಎಂಬ ವಿಷಯ ಇಲ್ಲವಾದ್ದರಿಂದ ಮೇಷ್ಟ್ರ ಕೆಲಸಕ್ಕೆ ಜೊತೆಯ ವಿಷಯಗಳೇ ಗತಿ. ಅದಕ್ಕೇ ಕಾಂಬಿನೇಷನ್ ಆರಿಸುವಾಗ ಎಚ್ಚರ ಬೇಕು. ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯ 150 ಅಂಕಗಳಲ್ಲಿ 30 ಶಿಶು ವಿಕಾಸ ಮತ್ತು ಬೋಧನಾ ವಿಧಾನಕ್ಕೆ. ಅಲ್ಲಿ ಧಾರವಾಡದ ಸಪ್ತಾಪುರದ ಕೋಚಿಂಗ್‌ನವರಿಗಿಂತ ಮನೋವಿಜ್ಞಾನ ಓದಿದವಳು ಮುಂದಿರುತ್ತಾಳೆ. ಎಚ್‌ಐವಿ ಆಪ್ತಸಮಾಲೋಚನಾ ಕೇಂದ್ರಗಳು, ಹದಿಹರೆಯದವರ ಸ್ನೇಹ ಕ್ಲಿನಿಕ್‌ಗಳು, ಮಕ್ಕಳ ರಕ್ಷಣಾ ಘಟಕಗಳು ಸಮಾಜಕಾರ್ಯದವರ ಜೊತೆ ಮನೋವಿಜ್ಞಾನದವರನ್ನೂ ತೆಗೆದುಕೊಳ್ಳುತ್ತವೆ. ಬಹುತೇಕ ಗುತ್ತಿಗೆ ಕೆಲಸ, ಸಂಬಳ ಅಷ್ಟಕ್ಕಷ್ಟೆ.

ದೂರಶಿಕ್ಷಣದ ಬಾಗಿಲೂ ಮುಚ್ಚಿದೆ. ಮದುವೆಯಾದ ಮೇಲೆ ಮನೆಯಿಂದಲೇ ಮನೋವಿಜ್ಞಾನ ಓದಿದವರು ಬಹಳ. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಈ ವಿಷಯವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಬಾರದೆಂದು ಯುಜಿಸಿ ಆದೇಶ ಮಾಡಿತು. ರೋಗಿಯ ಎದುರು ಕೂರದೆ ಈ ವಿದ್ಯೆ ಬರುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ಪೆಟ್ಟು ಬೀಳುವುದು ರಾಮದುರ್ಗ ತಾಲೂಕಿನ ಸುರೇಬಾನದ ಸೊಸೆಗೆ, ಬೆಂಗಳೂರಿನವಳಿಗಲ್ಲ. ಹತ್ತಿರದ ಕಾಲೇಜಿನಲ್ಲಿ ವಿಷಯ ಇಲ್ಲ, ದೂರದಿಂದ ಓದುವಂತಿಲ್ಲ ಎಂದರೆ ಅವಳ ಪಾಲಿಗೆ ಆ ಶಾಸ್ತ್ರವೇ ಇಲ್ಲದಂತಾಯಿತು.

ಆದ್ದರಿಂದ ಕೇಳಬೇಕಾದದ್ದನ್ನು ನೇರವಾಗಿ ಕೇಳುತ್ತೇನೆ. ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಹುಟ್ಟಿದ್ದು ಈ ಭಾಗದ ಮಕ್ಕಳು ಧಾರವಾಡದವರೆಗೆ ಅಲೆಯುವುದು ತಪ್ಪಲಿ ಎಂದೇ. ಈ ನಾಲ್ಕು ತಾಲೂಕುಗಳಲ್ಲಿ ಕನಿಷ್ಠ ಒಂದೊಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಮನೋವಿಜ್ಞಾನ ಇರಲಿ. ಭೌತಶಾಸ್ತ್ರದ ಪ್ರಯೋಗಾಲಯಕ್ಕೆ ಬೇಕಾಗುವಷ್ಟು ಹಣ ಇದಕ್ಕೆ ಬೇಡ. ಒಂದು ಕೋಣೆ, ಒಂದಿಷ್ಟು ಪೆಟ್ಟಿಗೆ, ಕಾಯಂ ಆದ ಇಬ್ಬರು ಅಧ್ಯಾಪಕರು ಸಾಕು. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಆ ವಿದ್ಯಾರ್ಥಿಗಳು ಅಲ್ಲಿ ಕೂತು ನೋಡಲಿ. ಕನ್ನಡದ ಪಠ್ಯವನ್ನು ಡಿಮ್ಹಾನ್ಸ್‌ನವರೂ ಕಾಲೇಜಿನವರೂ ಸೇರಿ ಬರೆಯಲಿ. ವಿಷಯ ತೆರೆದರೆ ಹುಡುಗಿಯರು ಬರುತ್ತಾರೆಯೇ ಎಂಬ ಅನುಮಾನ ಇದ್ದವರು ಬೆಳಗಿನ ಹೊತ್ತು ಕಿತ್ತೂರಿನಿಂದ ಧಾರವಾಡಕ್ಕೆ ಹೊರಡುವ ಬಸ್ಸನ್ನೊಮ್ಮೆ ಹತ್ತಿ ನೋಡಲಿ. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗಾದರೂ ನಿದ್ದೆಗೆಟ್ಟು ಜೀವ ಬೇಡವೆನ್ನಿಸುತ್ತಿದ್ದರೆ ಟೆಲಿ–ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ ಎಲ್ಲ ಹೊತ್ತಿನಲ್ಲೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.